ಹಳೆಯ ಮ್ಯೂಸಿಕ್ ಸರ್ವರ್ ರಿಪೇರಿ: ಮೊದಲು ಹಾಡು ಇಳಿಸಿಕೊಳ್ಳಿ, ಆಮೇಲೆ ಸ್ಕ್ರೂ ಬಿಚ್ಚಿ

ಹತ್ತು ಹದಿನೈದು ವರ್ಷ ಓಡಿದ ಮ್ಯೂಸಿಕ್ ಸರ್ವರ್ ಎಂದರೆ ಹಾಡಿನ ಕಡತಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಪ್ಲೇಯರಿಗೋ ಆಂಪ್ಲಿಫೈಯರಿಗೋ ಕಳಿಸುವ, ಹೈ-ಫೈ ವೇಷ ಹಾಕಿದ ಪುಟ್ಟ ಕಂಪ್ಯೂಟರು. ಮುಂದೆ ದಪ್ಪ ಅಲ್ಯೂಮಿನಿಯಂ ಫಲಕ, ಒಳಗೆ ಕಡಿಮೆ ಕರೆಂಟಿನ ಮದರ್‌ಬೋರ್ಡು, ಒಂದು ಹಾರ್ಡ್ ಡಿಸ್ಕು, ಒಂದು ಪವರ್ ಸಪ್ಲೈ, ಕೆಲವದರಲ್ಲಿ ಸಿಡಿ ನುಂಗುವ ಬಾಯಿ. ಅದು ಕೈಕೊಟ್ಟಾಗ ಹೆಚ್ಚಿನವರು ಸದ್ದಿನ ಕಡೆಯಿಂದ ಹುಡುಕಲು ಶುರುಮಾಡುತ್ತಾರೆ. ಕೇಬಲ್ ಬದಲಿಸುತ್ತಾರೆ, ಡಿಎಸಿ (ಡಿಜಿಟಲ್ ಅಂಕಿಗಳನ್ನು ಸದ್ದಿನ ಸಿಗ್ನಲ್ ಆಗಿಸುವ ಭಾಗ) ಬದಲಿಸುತ್ತಾರೆ, ಕೊನೆಗೆ ಆಂಪ್ಲಿಫೈಯರನ್ನೇ ಅನುಮಾನಿಸುತ್ತಾರೆ. ದೋಷ ಅಲ್ಲಿರುವುದು ಅಪರೂಪ. ವಯಸ್ಸಾಗುವುದು ಒಣಗುವ ಮತ್ತು ತಿರುಗುವ ಭಾಗಗಳಿಗೆ, ಅಂದರೆ ಪವರ್ ಸಪ್ಲೈಯ ಕೆಪ್ಯಾಸಿಟರುಗಳಿಗೆ ಮತ್ತು ಡಿಸ್ಕಿಗೆ. ಅವೆರಡರ ನಂತರ ನೆಟ್‌ವರ್ಕು, ಅದಾದ ಮೇಲೆ ಸಾಫ್ಟ್‌ವೇರು. ಆಡಿಯೊ ಸರ್ಕ್ಯೂಟಿನ ಸರದಿ ಬರುವುದು ಕಟ್ಟಕಡೆಗೆ.

ಪೆಟ್ಟಿಗೆಗೆ ಬದಲಿ ಸಿಗುತ್ತದೆ. ಸಿಡಿ ಒಂದೊಂದನ್ನೇ ಹಾಕಿ ಏರಿಸಿದ, ಹೆಸರು ತಿದ್ದಿ ಜೋಡಿಸಿದ ಸಂಗ್ರಹಕ್ಕೆ ಬದಲಿ ಇಲ್ಲ. ಆದ್ದರಿಂದ ಸರ್ವರ್ ಇನ್ನೂ ಕುಂಟುತ್ತ ಓಡುತ್ತಿದ್ದರೆ ರೀಸ್ಟಾರ್ಟ್ ಮಾಡಬೇಡಿ, ಫರ್ಮ್‌ವೇರ್ ಅಪ್‌ಡೇಟ್ ಮಾಡಬೇಡಿ, ಲೈಬ್ರರಿ ರೀಸ್ಕ್ಯಾನ್ ಕೂಡ ಮಾಡಬೇಡಿ. ಮೊದಲು ಎಲ್ಲ ಕಡತಗಳನ್ನೂ ಹೊರಗಿನ ಡಿಸ್ಕಿಗೆ ಇಳಿಸಿಕೊಳ್ಳಿ. ನಾಲ್ಕು ವರ್ಷದಿಂದ ಆರಿಸದೇ ಇರುವ ಡಿಸ್ಕು ಒಮ್ಮೆ ನಿಂತು ತಣ್ಣಗಾದರೆ ಮತ್ತೆ ತಿರುಗುತ್ತದೆ ಅನ್ನುವ ಭರವಸೆ ಇಲ್ಲ.

ಕರೆಂಟ್ ಹೋಗಿ ಬಂದ ಮೇಲೆ ಏಳುತ್ತಿಲ್ಲ

ಅತಿ ಹೆಚ್ಚು ಕೇಳಿಬರುವ ದೂರು ಇದು: ನಿನ್ನೆವರೆಗೂ ಚೆನ್ನಾಗಿತ್ತು, ರಾತ್ರಿ ಅರ್ಧ ಗಂಟೆ ಕರೆಂಟ್ ಹೋಗಿತ್ತು, ಬೆಳಿಗ್ಗೆಯಿಂದ ದೀಪವೇ ಹತ್ತುತ್ತಿಲ್ಲ. ಎಲ್ಲರೂ ವೋಲ್ಟೇಜ್ ಏರಿ ಸುಟ್ಟಿತು ಅಂದುಕೊಳ್ಳುತ್ತಾರೆ. ಸುಡದೇ ಇರುವ ಸಾಧ್ಯತೆಯೂ ದೊಡ್ಡದೇ. ಎಸ್‌ಎಂಪಿಎಸ್ (ಸ್ವಿಚಿಂಗ್ ಬಗೆಯ ಪವರ್ ಸಪ್ಲೈ) ಒಳಗಿನ ಕಂಟ್ರೋಲ್ ಐಸಿ ಪಕ್ಕದಲ್ಲಿ 10ರಿಂದ 47 ಮೈಕ್ರೋಫ್ಯಾರಡ್‌ನ, 50 ವೋಲ್ಟಿನ ಒಂದು ಪುಟ್ಟ ಕೆಪ್ಯಾಸಿಟರ್ ಇರುತ್ತದೆ. ಸಪ್ಲೈಗೆ ಮೊದಲ ನೂಕು ಕೊಡುವುದು ಅದರ ಕೆಲಸ. ಒಮ್ಮೆ ಓಡಲು ಶುರುವಾದರೆ ಐಸಿಗೆ ಬೇಕಾದ ಕರೆಂಟ್ ಟ್ರಾನ್ಸ್‌ಫಾರ್ಮರಿನ ಇನ್ನೊಂದು ಸುತ್ತಿನಿಂದ ಬರುತ್ತದೆ. ಹಾಗಾಗಿ ಈ ಕೆಪ್ಯಾಸಿಟರ್ ಒಳಗೊಳಗೇ ಒಣಗಿದ್ದರೂ ಪೆಟ್ಟಿಗೆ ವರ್ಷಗಟ್ಟಲೆ ನಡೆಯುತ್ತದೆ. ಗುಟ್ಟು ಹೊರಬೀಳುವುದು ಕರೆಂಟ್ ಹೋದ ದಿನ. ಹೇರ್ ಡ್ರೈಯರಿನಿಂದ ಸಪ್ಲೈಯನ್ನು ಸ್ವಲ್ಪ ಬೆಚ್ಚಗೆ ಮಾಡಿದಾಗ ಎದ್ದುಕೊಂಡರೆ ಅನುಮಾನ ಬಹುಮಟ್ಟಿಗೆ ಖಚಿತ, ಏಕೆಂದರೆ ಬಿಸಿಗೆ ಎಲೆಕ್ಟ್ರೊಲೈಟಿಕ್ ಕೆಪ್ಯಾಸಿಟರಿನ ಒಳತಡೆ ಇಳಿಯುತ್ತದೆ. ಹಾಗೆ ಎದ್ದರೆ ಆ ಗಳಿಗೆಯನ್ನು ಹಾಡು ಇಳಿಸಿಕೊಳ್ಳಲು ಬಳಸಿ.

ಹೊರಗಿನ ಅಡಾಪ್ಟರ್ ಇರುವ ಪೆಟ್ಟಿಗೆಯಾದರೆ ಕೆಲಸ ಸುಲಭ. ಅಡಾಪ್ಟರಿನ ಬೆನ್ನ ಮೇಲಿನ ಮೂರು ಸಂಗತಿ ಓದಿ: ವೋಲ್ಟ್, ಆಂಪಿಯರ್, ಪಿನ್ನಿನ ಒಳಭಾಗ ಪ್ಲಸ್ಸೋ ಮೈನಸ್ಸೋ. ಬದಲಿ ತರುವಾಗ ವೋಲ್ಟ್ ಅದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು, ಧ್ರುವ ತಿರುವುಮುರುವು ಆಗಲೇಬಾರದು. ಪಿನ್ನಿನ ಹೊರವ್ಯಾಸ ಒಂದೇ ಆಗಿ ಒಳರಂಧ್ರ 2.1 ಮತ್ತು 2.5 ಮಿಲಿಮೀಟರ್ ಎಂದು ಬೇರೆಯಾಗುವುದುಂಟು. 2.5ರ ಪ್ಲಗ್ಗು 2.1ರ ಸಾಕೆಟ್ಟಿಗೆ ಹೋಗುತ್ತದೆ, ಆದರೆ ಸಡಿಲವಾಗಿ ಕೂತು, ಟೇಬಲ್ ಅಲುಗಿದಾಗಲೆಲ್ಲ ಸರ್ವರನ್ನು ರೀಬೂಟ್ ಮಾಡಿಸುತ್ತದೆ.

ಮಲ್ಟಿಮೀಟರಿನಲ್ಲಿ ಬರಿ ಅಡಾಪ್ಟರನ್ನು ಅಳೆದು 12.1 ವೋಲ್ಟ್ ಬಂತು, ಸರಿಯಿದೆ ಎನ್ನಬೇಡಿ. ಸೊರಗಿದ ಅಡಾಪ್ಟರೂ ಭಾರವಿಲ್ಲದಾಗ ಸರಿಯಾದ ವೋಲ್ಟನ್ನೇ ತೋರಿಸುತ್ತದೆ. ಭಾರ ಹಾಕಿ ಅಳೆಯಬೇಕು. 12 ವೋಲ್ಟಿಗೆ ಸ್ಕೂಟರ್, ಕಾರಿನ ಬಿಡಿಭಾಗದ ಅಂಗಡಿಯಲ್ಲಿ ಸಿಗುವ 21 ವ್ಯಾಟಿನ ಇಂಡಿಕೇಟರ್ ಬಲ್ಬು ಸಾಕು, ಅದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ತಣ್ಣಗಿರುವ ಬಲ್ಬು ಹತ್ತುವ ಕ್ಷಣದಲ್ಲಿ ಇನ್ನೂ ಹೆಚ್ಚು ಎಳೆಯುವುದರಿಂದ 2 ಆಂಪಿಯರಿಗಿಂತ ಸಣ್ಣ ಅಡಾಪ್ಟರಿಗೆ 10 ವ್ಯಾಟಿನ ಬಲ್ಬು ಹಾಕಿ. 5 ವೋಲ್ಟಿನ 2 ಆಂಪಿಯರ್ ಅಡಾಪ್ಟರಿಗೆ 3.3 ಓಮ್, 10 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್ ಸರಿಹೋಗುತ್ತದೆ. ಅದು 1.5 ಆಂಪಿಯರ್ ಎಳೆದು ಕೈ ಸುಡುವಷ್ಟು ಕಾಯುತ್ತದೆ, ಪಿಂಗಾಣಿ ತಟ್ಟೆಯ ಮೇಲಿಡಿ. ಹತ್ತು ನಿಮಿಷ ಭಾರ ಹೊತ್ತ ಮೇಲೂ 12ರ ಅಡಾಪ್ಟರ್ 11.4ಕ್ಕಿಂತ, 5ರದ್ದು 4.75ಕ್ಕಿಂತ ಕೆಳಗಿಳಿಯಬಾರದು.

ವೋಲ್ಟ್ ಸರಿಯಿದ್ದೂ ಸರ್ವರ್ ಆಗಾಗ ತಾನೇ ರೀಬೂಟ್ ಆಗುತ್ತಿದ್ದರೆ ರಿಪ್ಪಲ್ (ಡಿಸಿಯ ಮೇಲೆ ಉಳಿದುಬಿಟ್ಟ ಎಸಿ ಏರಿಳಿತ) ನೋಡಿ. ಭಾರ ಹಾಕಿದ ಸ್ಥಿತಿಯಲ್ಲೇ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ. ಅಗ್ಗದ ಮೀಟರುಗಳು ಇಲ್ಲಿ ಮೋಸ ಮಾಡುತ್ತವೆ: ಎಸಿ ರೇಂಜಿನಲ್ಲಿ 9 ವೋಲ್ಟಿನ ಬ್ಯಾಟರಿ ಹಿಡಿದಾಗ ಸೊನ್ನೆ ತೋರಿಸದೆ 18–20 ಅಂತ ತೋರಿಸಿದರೆ ನಿಮ್ಮ ಮೀಟರು ಡಿಸಿಯನ್ನು ತಡೆಯುತ್ತಿಲ್ಲ ಎಂದರ್ಥ. ಒಂದು ಕಡ್ಡಿಗೆ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರನ್ನು ಸರಣಿಯಲ್ಲಿ ಸೇರಿಸಿ ಅಳೆಯಿರಿ. ಹೆಚ್ಚು ಆವರ್ತನದ ರಿಪ್ಪಲನ್ನು ಸಾಮಾನ್ಯ ಮೀಟರು ಕಡಿಮೆಯಾಗೇ ತೋರಿಸುತ್ತದೆ. ಹಾಗಿದ್ದೂ 12 ವೋಲ್ಟಿನ ಮೇಲೆ 50 ಮಿಲಿವೋಲ್ಟ್ ದಾಟಿದರೆ ಆ ಅಡಾಪ್ಟರಿನ ಕಾಲ ಮುಗಿಯಿತು. ಆಸಿಲೊಸ್ಕೋಪ್ ಇದ್ದವರಿಗೆ ಅಳತೆಗೋಲು ಬೇರೆ: ಕಂಪ್ಯೂಟರ್ ಪವರ್ ಸಪ್ಲೈಗಳ ಎಟಿಎಕ್ಸ್ ನಿಯಮದಲ್ಲಿ 12 ವೋಲ್ಟಿಗೆ ತುದಿಯಿಂದ ತುದಿಗೆ 120 ಮಿಲಿವೋಲ್ಟ್, 5 ವೋಲ್ಟಿಗೆ 50 ಮಿಲಿವೋಲ್ಟ್ ಮಿತಿ.

ಸಪ್ಲೈ ಪೆಟ್ಟಿಗೆಯೊಳಗೇ ಇದ್ದರೆ ಅವಸರ ಬೇಡ. ಪ್ಲಗ್ಗು ಕಿತ್ತ ಮೇಲೂ ದೊಡ್ಡ ಕೆಪ್ಯಾಸಿಟರಿನಲ್ಲಿ 325 ವೋಲ್ಟ್ ಡಿಸಿ ಉಳಿದಿರಬಹುದು, 230 ವೋಲ್ಟ್ ಎಸಿಯನ್ನು ನೇರಮಾಡಿದಾಗ ಬರುವ ತುದಿ ಮೊತ್ತ ಅದು. ಹತ್ತು ನಿಮಿಷ ಬಿಡಿ, ಅಳೆಯಿರಿ. 20 ವೋಲ್ಟಿಗಿಂತ ಹೆಚ್ಚಿದ್ದರೆ ಕಾಲುಗಳಿಗೆ ಇನ್ಸುಲೇಶನ್ ತೊಡಿಸಿದ 10 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟರನ್ನು ಹತ್ತು ಸೆಕೆಂಡ್ ಅಡ್ಡ ಹಿಡಿದು ಇಳಿಸಿ, ಮತ್ತೆ ಅಳೆಯಿರಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನ್ನಿಸುವ ಅಭ್ಯಾಸ ಬಿಡಿ, ಅದರಿಂದ ಟ್ರ್ಯಾಕೂ ಹೋಗುತ್ತದೆ, ಕಣ್ಣಿಗೂ ಅಪಾಯ. 325 ವೋಲ್ಟಿನ ಕಡೆ ಕೆಲಸ ಮಾಡಿ ಅಭ್ಯಾಸವಿಲ್ಲದವರು ಇಡೀ ಸಪ್ಲೈ ಬೋರ್ಡನ್ನೇ ಬಿಚ್ಚಿ ಟಿವಿ ರಿಪೇರಿ ಮಾಡುವವರ ಕೈಗೆ ಕೊಡುವುದು ಮೇಲು. ಅವರಿಗೆ ಇದು ದಿನನಿತ್ಯದ ಕೆಲಸ.

ಹಾಕುವ ಕೆಪ್ಯಾಸಿಟರ್ 105 ಡಿಗ್ರಿಯದಾಗಿರಲಿ, ಲೋ ಇಎಸ್‌ಆರ್ (ಒಳತಡೆ ಕಡಿಮೆ ಇರುವ) ಜಾತಿಯದಾಗಿರಲಿ. ಪ್ಯಾನಾಸೋನಿಕ್ ಎಫ್‌ಆರ್, ನಿಚಿಕಾನ್ ಎಚ್‌ಇ, ರೂಬಿಕಾನ್ ಝಡ್‌ಎಲ್‌ಎಚ್ ಸರಣಿಗಳು ಈ ಕೆಲಸಕ್ಕೇ ಇರುವಂಥವು. ಮೈಕ್ರೋಫ್ಯಾರಡ್ ಅಷ್ಟೇ, ವೋಲ್ಟ್ ಅಷ್ಟೇ ಅಥವಾ ಒಂದು ಮೆಟ್ಟಿಲು ಮೇಲೆ. ಎತ್ತರ, ವ್ಯಾಸ ಮತ್ತು ಕಾಲುಗಳ ನಡುವಿನ ಅಂತರ ಅಳೆದುಕೊಂಡೇ ಅಂಗಡಿಗೆ ಹೋಗಿ. ಮೈಮೇಲಿನ ಪಟ್ಟೆ ಮೈನಸ್ ಕಾಲಿನ ಗುರುತು. ಬಿಚ್ಚುವ ಮುನ್ನ ಬೋರ್ಡಿನ ಫೋಟೊ ತೆಗೆದಿಡಿ, ಬೋರ್ಡಿನ ಮೇಲೆ ಮುದ್ರಿಸಿದ ಗುರುತು ಎಲ್ಲ ಕಡೆಯೂ ಒಂದೇ ಥರ ಇರುವುದಿಲ್ಲ. ನೆತ್ತಿ ಉಬ್ಬಿದ್ದು ಒಂದೇ ಆದರೂ ಔಟ್‌ಪುಟ್ ಕಡೆಯ ಎಲ್ಲವನ್ನೂ ಬದಲಿಸಿ, ಅವೆಲ್ಲ ಒಂದೇ ಶಾಖದಲ್ಲಿ ಬೆಂದವು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥ ಬಿಡಿಭಾಗಗಳು ಸಿಗುತ್ತವೆ, ಆದರೆ ಹೆಸರಾಂತ ಬ್ರಾಂಡಿನ ಕೆಪ್ಯಾಸಿಟರ್ ಎರಡು ರೂಪಾಯಿಗೆ ಕೊಟ್ಟರೆ ಅದು ಆ ಬ್ರಾಂಡಿನದಲ್ಲ.

ಡಿಸ್ಕಿನ ನಾಡಿ

ಹಾಡಿನ ನಡುವೆ ಎರಡು ಮೂರು ಸೆಕೆಂಡ್ ತಡೆ, ಪ್ರತಿಸಲವೂ ಅದೇ ಹಾಡಿನ ಅದೇ ಜಾಗದಲ್ಲಿ: ಇದು ಡಿಸ್ಕಿನ ದೋಷ. ಬೇರೆಬೇರೆ ಜಾಗದಲ್ಲಿ ತಡೆಯುತ್ತಿದ್ದರೆ ನೆಟ್‌ವರ್ಕು. ಈ ಒಂದು ಪ್ರಶ್ನೆ ಅರ್ಧ ದಿನದ ಹುಡುಕಾಟ ಉಳಿಸುತ್ತದೆ.

ಡಿಸ್ಕನ್ನು ಪೆಟ್ಟಿಗೆಯಿಂದ ಬಿಚ್ಚಿ ಸಾಟಾ–ಯುಎಸ್‌ಬಿ ಡಾಕಿನ ಮೂಲಕ ಕಂಪ್ಯೂಟರಿಗೆ ಸೇರಿಸಿ ಸ್ಮಾರ್ಟ್ ಮಾಹಿತಿ (ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ಓದಿ. ವಿಂಡೋಸಿನಲ್ಲಿ ಕ್ರಿಸ್ಟಲ್ ಡಿಸ್ಕ್ ಇನ್ಫೊ, ಲಿನಕ್ಸಿನಲ್ಲಿ ಸ್ಮಾರ್ಟ್‌ಮೊನ್‌ಟೂಲ್ಸ್. ಹತ್ತಾರು ಸಾಲು ಬರುತ್ತವೆ, ನೋಡಬೇಕಾದವು ನಾಲ್ಕೈದು, ಮುಂದೆ ಹೇಳುವ 5, 197 ಇತ್ಯಾದಿ ಆ ಸಾಲುಗಳ ಐಡಿ ಸಂಖ್ಯೆ. 5ನೆಯದು ಡಿಸ್ಕು ಕೈಬಿಟ್ಟು ಬದಲಿ ಜಾಗ ಕೊಟ್ಟ ಸೆಕ್ಟರುಗಳ ಲೆಕ್ಕ. 197 ಓದಲು ತಿಣುಕುತ್ತಿರುವ ಸೆಕ್ಟರುಗಳದ್ದು, 198 ಓದಲಾಗದವು. ಈ ಮೂರೂ ಸೊನ್ನೆಯಿರಬೇಕು. 5ನೆಯದರಲ್ಲಿ ನಾಲ್ಕೋ ಎಂಟೋ ಇದ್ದು ತಿಂಗಳುಗಟ್ಟಲೆ ಏರದಿದ್ದರೆ ಕಣ್ಣಿಟ್ಟು ನಡೆಸಬಹುದು. 197 ಏರುತ್ತಿದ್ದರೆ ಇವತ್ತೇ ಬದಲಿಸಿ. 199 ಏರುತ್ತಿದ್ದರೆ ಮಾತ್ರ ಸಮಾಧಾನ, ಅದು ಕೇಬಲಿನ ತಪ್ಪು, ಡಿಸ್ಕಿನದಲ್ಲ. 9ನೆಯದು ಓಡಿದ ಗಂಟೆ, ವರ್ಷಕ್ಕೆ 8,760ರಂತೆ ಭಾಗಿಸಿದರೆ ವಯಸ್ಸು ಸಿಗುತ್ತದೆ. ಈ ಸಂಖ್ಯೆಗಳು ಕಚ್ಚಾ ಮೌಲ್ಯದ ಅಂಕಣದವು, ಪಕ್ಕದ 100, 200ಗಳನ್ನು ನೋಡಿ ಗಾಬರಿಯಾಗಬೇಡಿ.

ಸೀಲ್ ಮಾಡಿದ ಸರ್ವರುಗಳ ಡಿಸ್ಕನ್ನು ವಿಂಡೋಸಿಗೆ ಹಚ್ಚಿದರೆ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಒಳಗಿರುವುದು ಲಿನಕ್ಸಿನ ಇಎಕ್ಸ್‌ಟಿ3 ಅಥವಾ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್, ವಿಂಡೋಸಿಗೆ ಅದು ಅರ್ಥವಾಗುವುದಿಲ್ಲ. ಬೇಡ ಅನ್ನಿ. ಆ ಒಂದು ಕ್ಲಿಕ್ಕಿನಲ್ಲಿ ಇಡೀ ಸಂಗ್ರಹ ಕಳೆದುಕೊಂಡವರು ಬಹಳ. ಉಬುಂಟು ಲೈವ್ (ಇನ್‌ಸ್ಟಾಲ್ ಮಾಡದೆ ಓಡುವ ಲಿನಕ್ಸ್) ಪೆನ್‌ಡ್ರೈವಿನಿಂದ ಕಂಪ್ಯೂಟರ್ ಎಬ್ಬಿಸಿ ಓದಿ.

ಡಿಸ್ಕು ಈಗಾಗಲೇ ಕೆಡುತ್ತಿದ್ದರೆ ಮಾಮೂಲಿ ಕಾಪಿ–ಪೇಸ್ಟ್ ಬೇಡ. ಅದು ಕೆಟ್ಟ ಜಾಗದಲ್ಲಿ ಮತ್ತೆಮತ್ತೆ ಗುದ್ದಾಡಿ ಉಳಿದದ್ದನ್ನೂ ಕೊಲ್ಲುತ್ತದೆ. ಗ್ನೂ ಡಿಡಿರೆಸ್ಕ್ಯೂ ಎಂಬ ಲಿನಕ್ಸ್ ತಂತ್ರಾಂಶ ಬಳಸಿ. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಬರುವುದನ್ನೆಲ್ಲ ಬಾಚಿಕೊಂಡು, ಕೆಟ್ಟ ಜಾಗವನ್ನು ಹಾರಿ, ಕೊನೆಗೆ ಅಲ್ಲಿಗೆ ಮರಳುತ್ತದೆ. ಮ್ಯಾಪ್ ಫೈಲಿನ ಹೆಸರು ಕೊಡುವುದನ್ನು ಮರೆಯಬೇಡಿ. ಅದಿದ್ದರೆ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಸಬಹುದು. ಡಿಸ್ಕನ್ನು ಫ್ರೀಜರಿನಲ್ಲಿಡುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, ಹೊರತೆಗೆದ ತಕ್ಷಣ ಪ್ಲ್ಯಾಟರಿನ ಮೇಲೆ ನೀರು ಕಟ್ಟುತ್ತದೆ.

ಬದಲಿಗೆ ಎಸ್‌ಎಸ್‌ಡಿ ಹಾಕುವುದೇ ಒಳ್ಳೆಯದು. ಅಲುಗಾಟವಿಲ್ಲ, ಸದ್ದಿಲ್ಲ, ಶಾಖ ಕಡಿಮೆ. 3.5 ಇಂಚಿನ ಡಿಸ್ಕು ತಿರುಗಲು ಶುರುಮಾಡುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಆ ಹೊರೆ ತಪ್ಪಿದ್ದರಿಂದಲೇ ಸುಸ್ತಾದ ಸಪ್ಲೈ ಇನ್ನೊಂದೆರಡು ವರ್ಷ ಬಾಳುವುದುಂಟು. ಕೆಲವು ಮಿತಿಗಳು ನೆನಪಿರಲಿ. ಆಪರೇಟಿಂಗ್ ಸಿಸ್ಟಮ್ ಅದೇ ಡಿಸ್ಕಿನಲ್ಲಿದ್ದರೆ ಹಾಡುಗಳನ್ನಷ್ಟೇ ನಕಲು ಮಾಡಿದರೆ ಸಾಲದು, ಇಡೀ ಡಿಸ್ಕಿನ ಪಡಿಯಚ್ಚು ತೆಗೆಯಬೇಕು. ಹಳೆಯ ಎಂಬಿಆರ್ ಪದ್ಧತಿಯ ಪಾರ್ಟಿಶನ್ (ಡಿಸ್ಕಿನ ವಿಭಾಗಗಳ ಪಟ್ಟಿ) 2 ಟೆರಾಬೈಟಿಗಿಂತ ಆಚೆಗಿನದನ್ನು ಕಾಣದು. ಇನ್ನೂ ಹಳೆಯ, ಸಾಟಾಗಿಂತ ಹಿಂದಿನ ಐಡಿಇ ಜೋಡಣೆಯ ಯಂತ್ರಗಳಲ್ಲಿ ಕೆಲವು 137 ಗಿಗಾಬೈಟಿಗೇ ನಿಂತುಬಿಡುತ್ತವೆ. 1.5 ಗಿಗಾಬಿಟ್ ವೇಗದ ಮೊದಲ ಪೀಳಿಗೆಯ ಸಾಟಾ ಪೋರ್ಟು ಕೆಲವು ಹೊಸ ಡಿಸ್ಕುಗಳ ಜೊತೆ ಹೊಂದಿಕೊಳ್ಳದು. ಕೊಳ್ಳುವಾಗಲೇ ವಾಪಸ್ ಕೊಡುವ ಮಾತು ಆಡಿಟ್ಟುಕೊಳ್ಳಿ.

ನಾಣ್ಯದಷ್ಟು ಬ್ಯಾಟರಿ, ಒಣಗಿದ ಪೇಸ್ಟು, ಜಿರಳೆ

ಪವರ್ ಹತ್ತಿತು, ಡಿಸ್ಕು ತಿರುಗಿತು, ಆದರೂ ಸರ್ವರ್ ನೆಟ್‌ವರ್ಕಿಗೆ ಬರಲಿಲ್ಲ. ಹಿಂದೆ ವಿಜಿಎ ಅಥವಾ ಎಚ್‌ಡಿಎಂಐ ಪೋರ್ಟಿದ್ದರೆ ಟಿವಿಗೆ ಹಚ್ಚಿ ನೋಡಿ. ‘ಎಫ್1 ಒತ್ತಿ’ ಎಂದು ಕಾಯುತ್ತ ಕೂತಿರಬಹುದು. ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತು, ದಿನಾಂಕ ಹತ್ತು ಹದಿನೈದು ವರ್ಷ ಹಿಂದಕ್ಕೆ ಹೋಗಿ, ಕೀಬೋರ್ಡೇ ಇಲ್ಲದ ಪೆಟ್ಟಿಗೆ ಯಾರೂ ಒತ್ತದ ಗುಂಡಿಗಾಗಿ ಕಾದಿರುತ್ತದೆ. ಹೊಸದರಲ್ಲಿ 3 ವೋಲ್ಟಿಗೆ ತುಸು ಹೆಚ್ಚೇ ಇರುತ್ತದೆ, 2.8ಕ್ಕೆ ಇಳಿದರೆ ಬದಲಿಸಿ. ದಿನಾಂಕ ತಪ್ಪಿದ್ದರೆ ಇಂಟರ್‌ನೆಟ್ ರೇಡಿಯೊ ಕೂಡ ಬರುವುದಿಲ್ಲ, ಸುರಕ್ಷಾ ಸರ್ಟಿಫಿಕೇಟುಗಳೆಲ್ಲ ‘ಇನ್ನೂ ಜಾರಿಗೆ ಬಂದಿಲ್ಲ’ದ ಲೆಕ್ಕಕ್ಕೆ ಸೇರುತ್ತವೆ.

ಫ್ಯಾನಿಲ್ಲದ ಪೆಟ್ಟಿಗೆಯಲ್ಲಿ ಪ್ರೊಸೆಸರಿನ ಶಾಖ ಹೊರಮೈಗೆ ಸಾಗುವುದು ಥರ್ಮಲ್ ಪೇಸ್ಟಿನ ಮೂಲಕ. ಅದು ಒಣಗಿ ಸುಣ್ಣದ ಪುಡಿಯಂತಾದರೆ ಒಳಗೆ ಕುದಿಯುತ್ತಿದ್ದರೂ ಹೊರಮೈ ತಣ್ಣಗೇ ಇರುತ್ತದೆ. ಮುಟ್ಟಿ ನೋಡಿ ‘ಬಿಸಿಯೇ ಇಲ್ಲವಲ್ಲ’ ಎಂದು ಖುಷಿಪಡಬೇಡಿ. 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಅಕ್ಕಿಕಾಳಿನಷ್ಟು ಹೊಸ ಪೇಸ್ಟ್ ನಡುವೆ ಇಟ್ಟು ಒತ್ತಿ. ಫ್ಯಾನಿದ್ದರೆ ಧೂಳು ಊದುವಾಗ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದುಕೊಳ್ಳಿ. ಒಗ್ಗರಣೆ ಹೊಗೆ ತಾಗುವ ಹಾಲಿನಲ್ಲಿ ಧೂಳು ಎಣ್ಣೆಜಿಡ್ಡಿನ ಜೊತೆ ಸೇರಿ ಕಂಬಳಿಯಾಗಿರುತ್ತದೆ, ಗಾಳಿಗೆ ಹೋಗುವುದಿಲ್ಲ, ಬ್ರಷ್ಷೇ ಬೇಕು. ಹಗಲಿರುಳು ಬೆಚ್ಚಗಿರುವ ಪೆಟ್ಟಿಗೆ ಜಿರಳೆ, ಇರುವೆ, ಹಲ್ಲಿಮರಿಗಳಿಗೆ ಅರಮನೆ. ಗಾಳಿಕಿಂಡಿಗೆ ಒಳಗಿನಿಂದ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಅಂಟಿಸಿ, ಅದರ ಒಂದು ಎಳೆಯೂ ಬೋರ್ಡಿನ ಮೇಲೆ ಉದುರದ ಹಾಗೆ.

ಪ್ಲೇಯರಿಗೆ ಸರ್ವರ್ ಕಾಣುತ್ತಿಲ್ಲ

ಇಲ್ಲಿ ಯಂತ್ರ ಕೆಟ್ಟಿರುವುದಿಲ್ಲ, ಸುತ್ತಲಿನ ಲೋಕ ಬದಲಾಗಿರುತ್ತದೆ. ಸ್ಕ್ವೀಜ್‌ಬಾಕ್ಸನ್ನೇ ತೆಗೆದುಕೊಳ್ಳಿ. ಸರ್ವರಿನ ಹಾಡನ್ನು ಮನೆಯ ನೆಟ್‌ವರ್ಕಿನಲ್ಲಿ ಪಡೆದು ನುಡಿಸುವ ಈ ಪ್ಲೇಯರುಗಳನ್ನು ತಯಾರಿಸುತ್ತಿದ್ದ ಸ್ಲಿಮ್ ಡಿವೈಸಸ್ ಕಂಪನಿಯನ್ನು ಲಾಜಿಟೆಕ್ 2006ರಲ್ಲಿ ಕೊಂಡಿತು, 2012ರಲ್ಲಿ ಈ ಪ್ಲೇಯರುಗಳ ತಯಾರಿಕೆ ನಿಲ್ಲಿಸಿತು, 2024ರಲ್ಲಿ ಮೈಸ್ಕ್ವೀಜ್‌ಬಾಕ್ಸ್ ಎಂಬ ಆನ್‌ಲೈನ್ ಸೇವೆಯನ್ನೂ ಮುಚ್ಚಿತು. ಅಂದಿನಿಂದ ಅದನ್ನೇ ನೆಚ್ಚಿಕೊಂಡಿದ್ದ ರೇಡಿಯೊ, ಟಚ್ ಮಾದರಿಗಳು ಸತ್ತವೆಂದು ಜನ ಗುಜರಿಗೆ ಹಾಕಿದರು. ಅವು ಸತ್ತಿಲ್ಲ. ಸರ್ವರ್ ಸಾಫ್ಟ್‌ವೇರ್ ಮುಕ್ತ ತಂತ್ರಾಂಶವಾಗಿದ್ದರಿಂದ ಬಳಕೆದಾರರ ಬಳಗವೇ ಅದನ್ನು ಮುಂದುವರಿಸಿದೆ. ಹಿಂದಿನ ಲಾಜಿಟೆಕ್ ಮೀಡಿಯಾ ಸರ್ವರಿನ ಈಗಿನ ಹೆಸರು ಲಿರಿಯನ್ ಮ್ಯೂಸಿಕ್ ಸರ್ವರ್. ಮನೆಯ ಯಾವುದಾದರೂ ಕಂಪ್ಯೂಟರಿನಲ್ಲೋ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲೋ ಅದನ್ನು ಹಾಕಿ, ಪ್ಲೇಯರಿನ ಮೆನುವಿನಲ್ಲಿ ಅದರ ಕಡೆ ಬೊಟ್ಟು ಮಾಡಿದರೆ ಪ್ಲೇಯರ್ ಮತ್ತೆ ಹಾಡುತ್ತದೆ.

ಹಾಡದಿದ್ದರೆ ನೋಡಬೇಕಾದ ಮೊದಲ ಜಾಗ ನಿಮ್ಮ ಫೈಬರ್ ಮೋಡೆಮ್ಮು. ಕಂಪನಿಯವರು ಕೊಟ್ಟ ಪೆಟ್ಟಿಗೆಯೂ ರೌಟರ್, ನೀವು ಕೊಂಡು ತಂದಿದ್ದೂ ರೌಟರ್ ಆಗಿ ಎರಡೂ ತಮ್ಮತಮ್ಮ ವಿಳಾಸ ಹಂಚುತ್ತಿರುತ್ತವೆ. ಸರ್ವರಿನ ವಿಳಾಸ 192.168.1ರಿಂದ, ಪ್ಲೇಯರಿನದು 192.168.0ಯಿಂದ ಶುರುವಾಗುತ್ತಿದ್ದರೆ ಅವೆರಡೂ ಬೇರೆಬೇರೆ ಬೀದಿಯಲ್ಲಿವೆ, ಒಂದನ್ನೊಂದು ಕೂಗಿದರೂ ಕೇಳಿಸದು. ನಿಮ್ಮ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ, ಆಗ ವಿಳಾಸ ಹಂಚುವುದು ಒಂದೇ ಪೆಟ್ಟಿಗೆ. ಆಮೇಲೆ ಸರ್ವರಿಗೆ ಒಂದು ಖಾಯಂ ಐಪಿ ವಿಳಾಸ ಕಾಯ್ದಿರಿಸಿ, ಪ್ರತಿ ರೀಬೂಟಿಗೂ ವಿಳಾಸ ಬದಲಾದರೆ ಹಳೆಯ ಪ್ಲೇಯರ್ ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ಕಂಪ್ಯೂಟರಿನ ಫೈರ್‌ವಾಲಿನಲ್ಲಿ 3483 ಪೋರ್ಟನ್ನು ಟಿಸಿಪಿ, ಯುಡಿಪಿ ಎರಡಕ್ಕೂ ತೆರೆಯಿರಿ, 9000 ಮತ್ತು 9090 ಟಿಸಿಪಿಗೆ. ಇವು ಮನೆಯೊಳಗಿನ ಮಾತು. ಹೊರಗಿನ ಇಂಟರ್‌ನೆಟ್ಟಿಗೆ ಇವನ್ನು ತೆರೆದಿಡುವ ಪೋರ್ಟ್ ಫಾರ್ವರ್ಡಿಂಗ್ ಯಾವ ಕಾರಣಕ್ಕೂ ಬೇಡ.

ವೈಫೈ ವಿಷಯ: ಈ ಪ್ಲೇಯರುಗಳಿಗೆ ಗೊತ್ತಿರುವುದು 2.4 ಗಿಗಾಹರ್ಟ್ಸ್ ಮಾತ್ರ. ರೌಟರಿನಲ್ಲಿ 2.4ಕ್ಕೂ 5ಕ್ಕೂ ಒಂದೇ ಹೆಸರಿದ್ದರೆ ಬೇರೆ ಮಾಡಿ. ಭದ್ರತೆ ಡಬ್ಲ್ಯುಪಿಎ2 ಎಇಎಸ್ ಇರಲಿ, ಡಬ್ಲ್ಯುಪಿಎ3 ಬೆರಕೆ ಮೋಡ್ ಬೇಡ. ಚಾನೆಲ್ 1, 6, 11ರಲ್ಲಿ ಒಂದು, ಅಗಲ 20 ಮೆಗಾಹರ್ಟ್ಸ್. ಎಲ್ಲಕ್ಕಿಂತ ಮೇಲು ಕೇಬಲ್ ಎಳೆಯುವುದು. 100 ಮೆಗಾಬಿಟ್ ಪೋರ್ಟು ಸಿಡಿ ಗುಣಮಟ್ಟದ 1.4 ಮೆಗಾಬಿಟ್ಟಿಗೆ ಧಾರಾಳ ಸಾಕು. ಸ್ಕ್ವೀಜ್‌ಬಾಕ್ಸ್ ಕ್ಲಾಸಿಕ್ 48 ಕಿಲೋಹರ್ಟ್ಸ್‌ವರೆಗೆ, ಟಚ್ 96ರವರೆಗೆ ನುಡಿಸುತ್ತವೆ. 192ರ ಕಡತ ಕೊಟ್ಟರೆ ಸರ್ವರೇ ಇಳಿಸಿ ಕಳಿಸಬೇಕು, ಬಡಪಾಯಿ ಪ್ರೊಸೆಸರಿನ ಸರ್ವರಿಗೆ ಅದು ಭಾರವಾಗಿ ಹಾಡು ತೊದಲುತ್ತದೆ. ಅಂಥ ಕಡತಗಳ 96ರ ಪ್ರತಿ ಒಮ್ಮೆಗೇ ಮಾಡಿಟ್ಟುಕೊಳ್ಳಿ. 3000 ಚುಕ್ಕೆ (ಪಿಕ್ಸೆಲ್) ಅಗಲದ ಆಲ್ಬಮ್ ಚಿತ್ರವೂ ಇದೇ ಥರದ ತೊಂದರೆ ಕೊಡುತ್ತದೆ, 600 ಚುಕ್ಕೆ ಸಾಕು.

ಪ್ಲೇಯರಿಗೆ ಕಾಣುವ ಸರ್ವರು ವಿಂಡೋಸ್ ಕಂಪ್ಯೂಟರಿಗೆ ಮಾತ್ರ ಕಾಣುತ್ತಿಲ್ಲವೇ? ಹಳೆಯ ಸರ್ವರುಗಳು ಕಡತ ಹಂಚುವುದು ಎಸ್‌ಎಂಬಿ 1 ಎಂಬ ಪದ್ಧತಿಯಲ್ಲಿ. 2017ರ ಕೊನೆಯ ವಿಂಡೋಸ್ 10 ಆವೃತ್ತಿಯಿಂದೀಚೆಗೆ ಭದ್ರತೆಯ ಕಾರಣಕ್ಕೆ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿದೆ. ಕಂಟ್ರೋಲ್ ಪ್ಯಾನೆಲಿನಲ್ಲಿ ಮತ್ತೆ ಚಾಲೂ ಮಾಡಲು ಬರುತ್ತದೆ, ಆದರೆ ಬ್ಯಾಂಕ್ ವ್ಯವಹಾರ ಮಾಡುವ ಲ್ಯಾಪ್‌ಟಾಪಿನಲ್ಲಿ ಅದು ಒಳ್ಳೆಯ ಬುದ್ಧಿಯಲ್ಲ. ಸರ್ವರಿನ ಸೆಟ್ಟಿಂಗ್ಸಿನಲ್ಲಿ ಎಫ್‌ಟಿಪಿ ಇದ್ದರೆ ಅದರಿಂದ ಇಳಿಸಿಕೊಳ್ಳಿ, ಇಲ್ಲದಿದ್ದರೆ ಉಬುಂಟು ಲೈವಿನಿಂದ ಒಂದು ಸಲ ನಕಲು ತೆಗೆದು ಮುಗಿಸಿ.

ಕನ್ನಡ ಹೆಸರುಗಳ ಪಾಡು

ಹಾಡಿನ ಹೆಸರು ಕನ್ನಡದಲ್ಲಿ ಬರೆದಿಟ್ಟವರಿಗೆ ಮೂರು ಬಗೆಯ ಕಾಟ, ಮೂರಕ್ಕೂ ಬೇರೆಬೇರೆ ಮದ್ದು. ಪ್ರಶ್ನಾರ್ಥಕ ಚಿಹ್ನೆ ಕಂಡರೆ ಎಂಪಿ3ಯ ಐಡಿ3 ಟ್ಯಾಗಿನ (ಕಡತದೊಳಗೇ ಹಾಡಿನ, ಗಾಯಕರ ಹೆಸರು ಬರೆದಿಡುವ ಜಾಗ) ತೊಂದರೆ, ಎಂಪಿ3ಟ್ಯಾಗ್ ತಂತ್ರಾಂಶದ ಆಯ್ಕೆಗಳಲ್ಲಿ ಐಡಿ3ವಿ2.3, ಯುಟಿಎಫ್-16 ಎಂದು ಆರಿಸಿ ಎಲ್ಲವನ್ನೂ ಮತ್ತೆ ಉಳಿಸಿದರೆ ಹೆಚ್ಚಿನ ಹಳೆಯ ಸರ್ವರುಗಳು ಓದುತ್ತವೆ. ಆದರೆ ಪ್ರಶ್ನಾರ್ಥಕವೇ ಟ್ಯಾಗಿನೊಳಗೆ ಉಳಿದುಹೋಗಿದ್ದರೆ ಮೂಲ ಅಕ್ಷರ ಅಳಿಸಿಹೋಗಿದೆ, ಮತ್ತೆ ಟೈಪಿಸದೆ ದಾರಿಯಿಲ್ಲ. ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ) ಕಡತಗಳಿಗೆ ಈ ರಗಳೆಯಿಲ್ಲ, ಅವುಗಳ ಟ್ಯಾಗು ಯಾವಾಗಲೂ ಯುಟಿಎಫ್-8. ಚೌಕ ಚೌಕ ಕಂಡರೆ ಟ್ಯಾಗ್ ಸರಿಯಿದೆ, ಪರದೆಗೆ ಕನ್ನಡ ಫಾಂಟಿಲ್ಲ. ಬ್ರೌಸರಿನಲ್ಲಿ ಸರ್ವರಿನ ಪುಟ ತೆರೆದಾಗ ಸರಿಯಾಗಿ ಕಂಡರೆ ಸುಮ್ಮನೆ ಬಿಟ್ಟುಬಿಡಿ. ಮೂರನೆಯದು, ತಲೆಯ ಮೇಲೆ ಗೀಟು ಚುಕ್ಕೆ ಹೊತ್ತ ಲ್ಯಾಟಿನ್ ಅಕ್ಷರಗಳ ಗೊಂಚಲು. ಅದು ನುಡಿ ಅಥವಾ ಬರಹದ ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಿಸಿದ್ದು. ಆ ತಂತ್ರಾಂಶಗಳ ಪರಿವರ್ತಕದಲ್ಲೇ ಯುನಿಕೋಡಿಗೆ ತಂದು ಮತ್ತೆ ಟ್ಯಾಗಿಗೆ ಅಂಟಿಸಬೇಕು.

ಕಡತ ನಕಲು ಮಾಡುವಾಗ ‘ಹೆಸರು ತೀರ ಉದ್ದ’ ಎಂಬ ದೋಷ ಬಂದರೆ ಕಾರಣ ಇದು: ಲಿನಕ್ಸಿನ ಇಎಕ್ಸ್‌ಟಿ4ರಲ್ಲಿ ಕಡತದ ಹೆಸರಿಗೆ ಮಿತಿ 255 ಬೈಟು. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟು ಬೇಕು, ಗುಣಿತದ ಚಿಹ್ನೆಗೂ ಅರ್ಧಾಕ್ಷರದ ಗುರುತಾದ ಹಲಂತಕ್ಕೂ ಸೇರಿ. ‘ಕೀರ್ತನೆ’ ಎಂಬ ಮೂರಕ್ಷರದ ಪದದಲ್ಲಿ ಕ, ೀ, ರ, ್, ತ, ನ, ೆ ಎಂದು 7 ಸಂಕೇತ, 21 ಬೈಟು. ಅಂದರೆ ಒಟ್ಟು 85 ಸಂಕೇತಕ್ಕೆ ಜಾಗ ಮುಗಿಯಿತು. ವಿಂಡೋಸಿನ ಎನ್‌ಟಿಎಫ್‌ಎಸ್ 255 ಸಂಕೇತ ಹಿಡಿಸುತ್ತದಾದ್ದರಿಂದ ಅಲ್ಲಿ ಸಲೀಸಾಗಿದ್ದದ್ದು ಇಲ್ಲಿ ತಡೆಯುತ್ತದೆ. ರಾಗ, ತಾಳ, ಗಾಯಕರ ಹೆಸರನ್ನೆಲ್ಲ ಕಡತದ ಹೆಸರಿಗೆ ಪೋಣಿಸುವ ಬದಲು ಟ್ಯಾಗಿಗೆ ಹಾಕಿ.

ಗುಂಯ್ ಸದ್ದು, ಜುಮ್ಮೆನ್ನುವ ಕೈ

ಈಗ ಸದ್ದಿನ ಸರದಿ. ಆಳವಾದ ಗುಂಯ್ ಸದ್ದು 50 ಹರ್ಟ್ಸಿನದು, ಅರ್ಥ್ ಲೂಪಿನಿಂದ (ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಅರ್ಥ್ ಸೇರಿ ಆದ ಸುತ್ತು) ಬರುವುದೇ ಹೆಚ್ಚು. ಅದಕ್ಕಿಂತ ಚೂಪಾದ ಝೇಂಕಾರ 100 ಹರ್ಟ್ಸಿನದಾದರೆ ಲೀನಿಯರ್ ಸಪ್ಲೈಯ (ದಪ್ಪ ಟ್ರಾನ್ಸ್‌ಫಾರ್ಮರಿನ ಹಳೆಯ ಬಗೆ) ದೊಡ್ಡ ಕೆಪ್ಯಾಸಿಟರ್ ಸೋತಿದೆ. ಲೂಪನ್ನು ಹುಡುಕಲು ಆಂಪ್ಲಿಫೈಯರಿಗೆ ಸೇರಿದ ಒಂದೊಂದೇ ಕೇಬಲ್ ಕಿತ್ತು ಕೇಳಿ. ಬಹಳ ಸಲ ಕಳ್ಳ ಸೆಟ್‌ಟಾಪ್ ಬಾಕ್ಸಿನ ಕೇಬಲ್ ಟಿವಿ ವೈರೇ ಆಗಿರುತ್ತದೆ. ಗುಂಯ್ ನಿಲ್ಲಿಸಲು ಮೂರು ಪಿನ್ನಿನ ಅರ್ಥ್ ಪಿನ್ ಕತ್ತರಿಸುವುದು ಜೀವಕ್ಕೇ ಎರವಾಗುವ ಉಪಾಯ. ಸರ್ವರ್ ಮತ್ತು ಡಿಎಸಿ ನಡುವೆ ಆಪ್ಟಿಕಲ್ ಕೇಬಲ್ ಹಾಕಿದರೆ ಲೂಪು ತಾನಾಗಿ ತುಂಡಾಗುತ್ತದೆ.

ಎರಡು ಪಿನ್ನಿನ ಅಡಾಪ್ಟರ್ ಇರುವ ಪೆಟ್ಟಿಗೆಯನ್ನು ಬರಿಗಾಲಲ್ಲಿ ನಿಂತು ಮುಟ್ಟಿದಾಗ ಕೈ ಜುಮ್ಮೆನ್ನುವುದು ಒಳಗಿನ ಶೋಧಕ ಕೆಪ್ಯಾಸಿಟರಿನ ಚಿಕ್ಕ ಸೋರಿಕೆಯಿಂದ. ಅದಕ್ಕೆ ಹೆದರಬೇಕಿಲ್ಲ, ಆದರೆ ಆರ್‌ಸಿಎ (ಆಂಪ್ಲಿಫೈಯರಿಗೆ ಸದ್ದು ಒಯ್ಯುವ ಕೆಂಪು–ಬಿಳಿ) ಪ್ಲಗ್ಗು ಹಾಕುವಾಗ ಎಲ್ಲವನ್ನೂ ಆರಿಸಿರಿ. ಆರ್‌ಸಿಎಯಲ್ಲಿ ನಡುವಿನ ಪಿನ್ನೇ ಮೊದಲು ತಾಗುವುದರಿಂದ ಆ ಸೋರಿಕೆ ಸಿಗ್ನಲ್ ದಾರಿಯಲ್ಲೇ ನುಗ್ಗುತ್ತದೆ. ಮೂರು ಪಿನ್ನಿನ ಪೆಟ್ಟಿಗೆ ಜುಮ್ಮೆಂದರೆ ಮಾತ್ರ ಮನೆಯ ಅರ್ಥಿಂಗ್ ನೋಡಿಸಿ. ಸಾಕೆಟ್ಟಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ 2–3 ವೋಲ್ಟ್ ಇರಬಹುದು, ಹತ್ತಕ್ಕೆ ಏರಿದರೆ ಸರಿಯಿಲ್ಲ. ಬೇಸಿಗೆಯಲ್ಲಿ ಅರ್ಥ್ ಗುಂಡಿಯ ಮಣ್ಣು ಒಣಗಿ ಹೀಗಾಗುವುದು ಮಾಮೂಲು, ಎರಡು ಕೊಡ ನೀರು ಹೊಯ್ದು ಮತ್ತೆ ಅಳೆಯಿರಿ.

ಒಂದು ಕಡೆಯ ಸದ್ದು ಬಂದು ಹೋಗಿ ಮಾಡುತ್ತಿದ್ದರೆ ಹಿಂದಿನ ಆರ್‌ಸಿಎ ಸಾಕೆಟ್ಟನ್ನು ಮೆಲ್ಲಗೆ ಅಲುಗಿಸಿ. ದಪ್ಪ ಕೇಬಲಿನ ಭಾರಕ್ಕೆ ಅದರ ಬೆಸುಗೆಯ ಸುತ್ತ ಉಂಗುರದಂಥ ಬಿರುಕು ಬಿಟ್ಟಿರುತ್ತದೆ, ಭೂತಗನ್ನಡಿಯಲ್ಲಿ ಎದ್ದು ಕಾಣುತ್ತದೆ. ಹಳೆಯ ಬೆಸುಗೆ ಹೀರಿ ತೆಗೆದು ಹೊಸದು ಹಾಕಿ. ಕರಾವಳಿಯ ಮನೆಗಳಲ್ಲಿ ಬಿರುಕಿನ ಬದಲು ಹಸಿರು ಕಿಲುಬು ಸಿಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಪ್ಲಗ್ಗನ್ನು ಹತ್ತು ಸಲ ಹಾಕಿ ತೆಗೆದರೆ ಸಾಕು. ಮಳೆಗಾಲದಲ್ಲಿ ಅಂಥ ಮನೆಗಳಲ್ಲಿ ಸರ್ವರನ್ನು ಆರಿಸಿಡುವುದಕ್ಕಿಂತ ಓಡಿಸುವುದೇ ಮೇಲು, ಅದರ ಬಿಸಿಗೇ ತೇವ ಹತ್ತಿರ ಸುಳಿಯದು. ಗುಡುಗು ಶುರುವಾದಾಗ ಮಾತ್ರ ಕರೆಂಟಿನ ಜೊತೆ ನೆಟ್‌ವರ್ಕ್ ಕೇಬಲನ್ನೂ ಕೀಳಿ. ಮಾಳಿಗೆಯಿಂದ ಮಾಳಿಗೆಗೆ ಎಳೆದ ಉದ್ದನೆಯ ತಾಮ್ರದ ತಂತಿ ಸಿಡಿಲಿನ ಆಘಾತವನ್ನು ನೇರ ಪೋರ್ಟಿಗೆ ತಲುಪಿಸುತ್ತದೆ, ಸರ್ಜ್ ಪ್ರೊಟೆಕ್ಟರ್ ಆ ದಾರಿ ಕಾಯುವುದಿಲ್ಲ.

ಸಿಡಿ ಡ್ರೈವಿಗೆ ಹೆಚ್ಚು ಶ್ರಮ ಬೇಡ. ಲೆನ್ಸನ್ನು ಆಲ್ಕೊಹಾಲಿನ ಹನಿ ತಾಗಿಸಿದ ಇಯರ್‌ಬಡ್ಡಿನಿಂದ ಒಂದು ಸಲ ಸವರಿ. ಆದರೂ ಓದದಿದ್ದರೆ ಲೇಸರ್ ಸೋತಿದೆ. ಯುಎಸ್‌ಬಿ ಡ್ರೈವಿನಲ್ಲಿ ಕಂಪ್ಯೂಟರಿನಲ್ಲೇ ಏರಿಸಿ, ಅಕ್ಯುರೇಟ್‌ರಿಪ್ (ಇತರರು ಅದೇ ಸಿಡಿ ಏರಿಸಿದಾಗ ಬಂದ) ಲೆಕ್ಕಕ್ಕೆ ತಾಳೆ ನೋಡಿ, ಫ್ಲ್ಯಾಕ್ ಕಡತವನ್ನು ಸರ್ವರಿಗೆ ಕಳಿಸಿ.

ರಿಪೇರಿ ಎಲ್ಲಿಯವರೆಗೆ? ಪವರ್ ಸಪ್ಲೈ, ಡಿಸ್ಕು, ಬ್ಯಾಟರಿ, ಪೇಸ್ಟು, ಸಾಕೆಟ್ಟು ಇವಿಷ್ಟಕ್ಕೂ ಖರ್ಚು ಮಾಡಬಹುದು. ಮದರ್‌ಬೋರ್ಡೇ ಹೋಗಿದ್ದರೆ ನಿಲ್ಲಿಸಿ. ರಾಸ್ಪ್‌ಬೆರಿ ಪೈ 4, ಅದಕ್ಕೆಂದೇ ಇರುವ 5.1 ವೋಲ್ಟ್ 3 ಆಂಪಿಯರ್ ಅಡಾಪ್ಟರ್, ಒಂದು ಎಸ್‌ಎಸ್‌ಡಿ ತನ್ನಿ. ಪೈಕೋರ್‌ಪ್ಲೇಯರ್ ಎಂಬ ಸಂಗೀತ ತಂತ್ರಾಂಶ ಹಾಕಿದರೆ ವ್ಯವಸ್ಥೆಯೆಲ್ಲ ರ‍್ಯಾಮಿನಲ್ಲೇ ಓಡುವುದರಿಂದ ಥಟ್ಟನೆ ಕರೆಂಟ್ ಹೋದರೂ ಮೆಮೊರಿ ಕಾರ್ಡ್ ಕೆಡುವ ಭಯ ಕಡಿಮೆ. ಹಳೆಯ ಪೆಟ್ಟಿಗೆಯ ಒಳಗೇ ಇವನ್ನು ಕೂರಿಸಿ, ಹಿಂದಿನ ಸಾಕೆಟ್ಟುಗಳಿಗೆ ತಂತಿ ಎಳೆದು, ಮುಂದಿನ ಅಲ್ಯೂಮಿನಿಯಂ ಫಲಕ ಮುಚ್ಚಿ. ಆಂಟೆನಾ ಇರುವ ಕಡೆ ಮಾತ್ರ ಲೋಹ ಅಡ್ಡ ಬರದಂತೆ ನೋಡಿಕೊಳ್ಳಿ, ಇಲ್ಲವೇ ಕೇಬಲ್ಲನ್ನೇ ಹಚ್ಚಿ.